ನಗುವಿನ ಕಾಲಂ

ತೀರಥ್‌ದಾಸ್ ಲಾಲ್‌ವಾಣಿಯ ಆಫೀಸಿನಲ್ಲಿ
ಇಪ್ಪತ್ತಾರು ವರ್ಷ ಲೆಕ್ಕ ಬರೆದವನು ನಾನು.
ಲ್ಯಾಮಿಂಗ್ಟನ್ ರೋಡು, ಮೂರನೇ ಮಾಳಿಗೆ,
ಒಂದು ಫ್ಯಾನು, ಎರಡು ಮೇಜು, ಮೊಳೆಗೆ ನೇತ ಝೂಲೇಲಾಲ್,
ಗೋಡೆಯುದ್ದಕ್ಕೂ ರೀಲು ಡಬ್ಬಿ: ಹದಿನೇಳು ಚಿತ್ರ,
ಹದಿನೇಳೂ ನಗೆಚಿತ್ರ.
ಸೇಟ್ ನಕ್ಕದ್ದನ್ನು ನಾನು ಕಂಡಿಲ್ಲ.

ಸೇರಿದ ದಿನವೇ ಹೇಳಿದ:
ಜಮಾ ಒಂದು ಕಾಲಂ, ಖರ್ಚು ಒಂದು ಕಾಲಂ,
ಅಂಚಿಗೆ ಇನ್ನೊಂದು ಗೆರೆ ಎಳಿ.
ಅದರಲ್ಲಿ ಏನು ಬರೆಯಲಿ ಸೇಟ್?
ನಗು.

ಶುಕ್ರವಾರ ಮ್ಯಾಟಿನಿಗೆ ಇಬ್ಬರೂ ಹೋಗುವೆವು.
ಪರದೆಯ ಪಕ್ಕದ ಬಾಗಿಲಲ್ಲಿ
ತನ್ನದೇ ಚಿತ್ರಕ್ಕೆ ಬೆನ್ನು ಹಾಕಿ ನಿಂತು
ಬೆಳಕು ಬಿದ್ದ ಮುಖಗಳನ್ನು ನೋಡುವನು.
ಅವನು ಬೆರಳೆತ್ತಿದರೆ ನಾನು ಗೀಟೆಳೆಯಬೇಕು.
ಮುಗುಳ್ನಗೆಗೆ ಲೆಕ್ಕವಿಲ್ಲ.
ಹಲ್ಲು ಕಂಡರೆ ಅರ್ಧ.
ಮುಂದಿನ ಕುರ್ಚಿಯ ಬೆನ್ನಿಗೆ ಗುದ್ದಿದರೆ ಒಂದು.
ಇಂಟರ್ವಲ್ಲಿನಲ್ಲಿ ಸಮೋಸ ಬಾಯಲ್ಲಿಟ್ಟುಕೊಂಡು
ಮತ್ತೆ ನೆನಪಾಗಿ ಕೆಮ್ಮಿದರೆ
ಎರಡು, ಜೊತೆಗೆ ಸೇಟ್‌ನ ರುಜು.

ಆಡಿಟ್ ಮುಗಿದ ಒಂದು ರಾತ್ರಿ ಮಾತ್ರ ಬಾಯಿ ಬಿಟ್ಟ.
ಕಲ್ಯಾಣದಾಚೆ ನಿರಾಶ್ರಿತರ ಕ್ಯಾಂಪು, ತಾನು ಹನ್ನೊಂದರ ಹುಡುಗ.
ಸಿಂಧ್ ಬಿಟ್ಟಂದಿನಿಂದ ಮಾತು ನಿಲ್ಲಿಸಿದ್ದ ತಾಯಿ
ರೇಷನ್ ಸಾಲಲ್ಲಿ ನಿಂತಿದ್ದಾಗ
ಸರಕಾರಿ ಗುಮಾಸ್ತನ ಕುರ್ಚಿ ಮುರಿಯಿತಂತೆ.
ಗುಮಾಸ್ತ ಕೆಳಗೆ, ಕಾಲು ಮೇಲೆ.
ತಾಯಿ ಕಿಸಕ್ಕೆಂದಳಂತೆ.
ಅಷ್ಟೇ. ಚಹಾ ತರಿಸಿ ಮಲಗಿಬಿಟ್ಟ.
ಹದಿನೇಳರಲ್ಲೂ ಒಂದೊಂದು ಕುರ್ಚಿ ಮುರಿಯುತ್ತದೆ.
ಕುರ್ಚಿಗಳ ಬಿಲ್ಲು ಇನ್ನೂ ನನ್ನ ಬಳಿ ಇದೆ.

ನಾಲ್ಕನೆಯ ಚಿತ್ರ, ದಾದರಿನ ಟಾಕೀಸು.
ನಗೆಚಿತ್ರವಾದರೂ ಒಂದು ಅಳು ಬೇಕಲ್ಲ,
ಅಣ್ಣನ ಮನೆಯಿಂದ ಹೊರಬಿದ್ದ ವಿಧವೆ ತಂಗಿ
ಕಬ್ಬಿಣದ ಟ್ರಂಕು ಹಿಡಿದು ನಡೆಯುತ್ತಾಳೆ.
ಬಾಲ್ಕನಿಯೆಲ್ಲ ಮೂಗು ಒರೆಸುತ್ತಿದೆ.
ಕೆಳಗೆ, ಹತ್ತಾಣೆ ಸೀಟಿನಲ್ಲಿ
ಒಬ್ಬಳು ಹೋ ಎಂದು ನಕ್ಕಳು.
ಸೇಟ್‌ನ ಬೆರಳು ಎತ್ತಲೂ ಆಗದೆ ಇಳಿಸಲೂ ಆಗದೆ
ಹಾಗೇ ನಿಂತಿತು.

ಆಟ ಬಿಟ್ಟ ಮೇಲೆ ಗೇಟಿನಲ್ಲಿ ಕಾದು ಹಿಡಿದೆವು.
ಹೀರಾಬಾಯಿ ತಾಂಡೇಲ, ವರ್ಳಿ ಕೋಳಿವಾಡದವಳು,
ಬೆಳಗಿನ ಮೀನು ಮಾರಿ ಬಂದವಳು.
ಯಾಕೆ ನಕ್ಕೆ ತಾಯಿ?
ಪೆಟ್ಟಿಗೆ ಖಾಲಿ, ಅಂದಳು.
ಒಳಗೆ ಏನಾದರೂ ಇದ್ದಿದ್ದರೆ
ಹೆಗಲು ಒಂದು ಕಡೆ ವಾಲಬೇಕಿತ್ತು.

ಮರುದಿನದಿಂದ ಸೆಟ್ಟಿನಲ್ಲಿ ಅವಳಿಗೊಂದು ಸ್ಟೂಲು.
ದಿನಕ್ಕೆ ಹದಿನೈದು ರೂಪಾಯಿ, ಬಸ್ ಚಾರ್ಜು ಬೇರೆ.
ವೋಚರಿನಲ್ಲಿ ಬಾಬತ್ತು ಏನೆಂದು ಬರೆಯಲಿ?
ಇತರೆ, ಎಂದು ಬರೆದೆ.
ಡೈರೆಕ್ಟರುಗಳು ಸೆನ್ಸಾರಿಗೆ ಹೆದರಲಿಲ್ಲ,
ಆ ಸ್ಟೂಲಿಗೆ ಹೆದರಿದರು.
ಅವಳು ನಕ್ಕ ಅಳುಗಳನ್ನು ಮತ್ತೆ ತೆಗೆದರು,
ಆಕಳಿಸಿದ ಹಾಸ್ಯವನ್ನು ಕತ್ತರಿಸಿದರು.

ಹದಿನೇಳನೆಯದು ಪುಣೆಯಲ್ಲಿ ನಾಲ್ಕು ದಿನ ಓಡಿತು.
ಮನೆಮನೆಗೆ ಟಿವಿ ಬಂದಿತ್ತು.
ಮ್ಯಾಟಿನಿಯಲ್ಲಿ ಮೂವತ್ತೊಂದು ತಲೆ, ಅಂಚಿನ ಕಾಲಮಿನಲ್ಲಿ ಸೊನ್ನೆ.
ಸೆಕೆ ಜಾಸ್ತಿ ಪಾಪ, ಅಂದ ಸೇಟ್.
ಡೆಕ್ಕನ್ ಕ್ವೀನಿನಲ್ಲಿ ಖಂಡಾಲಾ ದಾಟುವ ತನಕ
ಮತ್ತೆ ಮಾತಿಲ್ಲ.
ನೆಗೆಟಿವ್ ಮಾರಿದ, ಆಫೀಸು ಮಾರಿದ,
ಈಗಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ.
ನನ್ನ ಮೂರು ತಿಂಗಳ ಸಂಬಳ ಬರಬೇಕು. ಇರಲಿ.

ಚೆಂಬೂರಿನ ಹಾಲಿನಲ್ಲಿ ಶೋಕಸಭೆ,
ಬಿಳಿ ಬಟ್ಟೆ, ಬಿಳಿ ಹಾಸು, ಹೂ ಹಾಕಿದ ಫೋಟೋ
(ಅದರಲ್ಲೂ ನಗು ಇಲ್ಲ).
ಹನ್ನೊಂದು ಚಿತ್ರಗಳ ಹೀರೋ ಮೈಕು ಹಿಡಿದ,
ಅಪ್ಪನಂತಿದ್ದರು, ಎಂದ,
ಕರವಸ್ತ್ರ ತೆಗೆದ, ಬಿಕ್ಕಿದ.

ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ
ಹೋ ಎಂದು ಒಂದು ನಗು.

ಇಡೀ ಸಭೆ ತಿರುಗಿತು.
ಸೊಸೆ ಹುಬ್ಬು ಗಂಟಿಕ್ಕಿದಳು.
ಎಪ್ಪತ್ತು ದಾಟಿದ ಹೀರಾಬಾಯಿ
ಸೆರಗಿನಿಂದ ಬಾಯಿ ಒರೆಸಿ ಕೂತಳು.
ನಾನು, ಹಳೆ ಚಾಳಿ,
ಪ್ರಾರ್ಥನೆಯ ಕಾರ್ಡಿನ ಅಂಚಿಗೆ
ಒಂದು ಗೀಟೆಳೆದೆ.

ಮೆಟ್ಟಿಲಿಳಿಯುವಾಗ ಅವಳು
ನನ್ನ ಹೆಗಲನ್ನೇ ನೋಡಿದಳು.
ನಗಲಿಲ್ಲ.